ಮೂವತ್ತಾರು ಟ್ರಿಪಲ್‌ಗಳಲ್ಲಿ ಯಾರ ಪಾಲು ಎಷ್ಟು?

ಬೇಸ್‌ಬಾಲ್‌ನಲ್ಲಿ ಚೆಂಡು ಗೋಡೆಯಾಚೆ ಹೋದರೆ ಹೋಮ್ ರನ್. ಹೊಡೆದವನು ಆರಾಮವಾಗಿ ಸುತ್ತು ಬರಬಹುದು, ನಮ್ಮ ಸಿಕ್ಸರ್ ಇದ್ದ ಹಾಗೆ. ಟ್ರಿಪಲ್ ಹಾಗಲ್ಲ. ಚೆಂಡು ಮೈದಾನದೊಳಗೇ ಇರಬೇಕು, ಫೀಲ್ಡರ್‌ಗಳಿಂದ ದೂರ ಉರುಳಬೇಕು, ಅಷ್ಟರಲ್ಲಿ ಬ್ಯಾಟರ್ 270 ಅಡಿ ಓಡಿ ಮೂರನೆಯ ಬೇಸ್ ಮುಟ್ಟಬೇಕು. ಎರಡನೆಯ ಬೇಸ್‌ನಲ್ಲೇ ನಿಂತರೆ ಅಪಾಯವಿಲ್ಲ. ನಿಲ್ಲದೆ ಓಡಿದವನಿಗಷ್ಟೇ ಟ್ರಿಪಲ್.

1912ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಓವೆನ್ ವಿಲ್ಸನ್ ಒಂದೇ ಋತುವಿನಲ್ಲಿ 36 ಟ್ರಿಪಲ್ ಹೊಡೆದು ನ್ಯಾಷನಲ್ ಲೀಗ್‌ನ ಪಟ್ಟಿಯಲ್ಲಿ ಮೊದಲಿಗನಾದ. ಆ ಸಂಖ್ಯೆಯನ್ನು ಮೇಜರ್ ಲೀಗ್‌ನಲ್ಲಿ ಇಂದಿಗೂ ಯಾರೂ ಮುಟ್ಟಿಲ್ಲ. ಆದರೆ ವಿಲ್ಸನ್ ಬೇರೆ ಯಾವ ವರ್ಷವೂ 14 ದಾಟಲಿಲ್ಲ. ಜೀವಮಾನದಲ್ಲಿ 309 ಟ್ರಿಪಲ್ ಹೊಡೆದು, ಹಲವು ಸಲ ಲೀಗ್‌ಗೆ ಮೊದಲಿಗನಾದ ಸ್ಯಾಮ್ ಕ್ರಾಫರ್ಡ್‌ಗೂ ಒಂದು ಋತುವಿನಲ್ಲಿ 26ಕ್ಕಿಂತ ಹೆಚ್ಚು ಸಿಗಲಿಲ್ಲ.

ಹಾಗಾದರೆ 36 ವಿಲ್ಸನ್‌ನ ಸಾಧನೆಯೋ, ಅದೃಷ್ಟವೋ? ಪೈರೇಟ್ಸ್‌ನ ಸ್ವಂತ ಮೈದಾನ ಫೋರ್ಬ್ಸ್ ಫೀಲ್ಡ್‌ನಲ್ಲಿ ಗೋಡೆ ಕೆಲವು ಕಡೆ 450 ಅಡಿಗೂ ದೂರವಿತ್ತು. ಬೇರೆಡೆ ಗೋಡೆ ದಾಟುವ ಚೆಂಡು ಅಲ್ಲಿ ಹುಲ್ಲಿನ ಮೇಲೆ ಉರುಳುತ್ತಿತ್ತು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಗೆಲ್ 'ನೈತಿಕ ಅದೃಷ್ಟ'ದ ಪ್ರಶ್ನೆಯನ್ನು ಎತ್ತಿದರು: ನಮ್ಮ ಕೈಯಲ್ಲಿಲ್ಲದ ಸಂಗತಿಗಳನ್ನೂ ಸೇರಿಸಿಕೊಂಡೇ ಹೊಗಳುತ್ತೇವೆ, ತೆಗಳುತ್ತೇವೆ, ಅದು ಸರಿಯೇ? ಕೈಯಲ್ಲಿಲ್ಲದ್ದನ್ನೆಲ್ಲ ಕಳೆಯುತ್ತಾ ಹೋದರೆ ಕೊನೆಗೆ ಹೊಗಳಲು ಏನೂ ಉಳಿಯದು ಎಂಬುದು ನಗೆಲ್‌ರ ಆತಂಕ. ಸಂಶೋಧನಾರ್ಥಿಗಳ ನಡುವೆ 'ಮೆರಿಟ್' ಎಂಬ ಮಾತು ಬಂದಾಗಲೆಲ್ಲ ನನಗೂ ಅದೇ ಆತಂಕ.

ಆದರೆ ಮೈದಾನದ ವಿಷಯದಲ್ಲಿ ನಾನು ವಿಲ್ಸನ್‌ನ ಪರ. ಅದೇ ವರ್ಷ ಅದೇ ಮೈದಾನದಲ್ಲಿ ಆಡಿದ ಹೋನಸ್ ವಾಗ್ನರ್, ಆ ಕಾಲದ ಮಹಾ ಆಟಗಾರ, ಹೊಡೆದದ್ದು 20. ಎದುರಾಳಿಗಳೂ ಅಲ್ಲಿ ಬಂದು ಆಡಿದರು. ದೂರದ ಗೋಡೆ ಯಾರ ಅವಕಾಶವನ್ನೂ ಕಸಿಯಲಿಲ್ಲ. ಓಡುವ ನಿರ್ಧಾರವನ್ನಂತೂ ಗೋಡೆ ಮಾಡುವುದಿಲ್ಲ.

ಮೈದಾನದ ಗೇಟಿನ ಕಥೆ ಬೇರೆ. ಕಪ್ಪು ಆಟಗಾರರಿಗೆ ಆಗ ಈ ಲೀಗ್‌ಗಳಲ್ಲಿ ಪ್ರವೇಶವಿರಲಿಲ್ಲ. ಬರೆದಿಟ್ಟ ನಿಯಮವೇನಲ್ಲ, ಮಾಲೀಕರ ನಡುವಿನ ಒಳ ಒಪ್ಪಂದ. 'ಕಪ್ಪು ವಾಗ್ನರ್' ಎಂದು ಕರೆಸಿಕೊಂಡ ಜಾನ್ ಹೆನ್ರಿ ಲಾಯ್ಡ್ 1912ರಲ್ಲಿ ನ್ಯೂಯಾರ್ಕ್‌ನ ಲಿಂಕನ್ ಜೈಂಟ್ಸ್ ಎಂಬ ಕಪ್ಪು ತಂಡಕ್ಕೆ ಆಡುತ್ತಿದ್ದ. (ಹೊಗಳುವುದಕ್ಕೂ ಬಿಳಿಯನ ಹೆಸರೇ ಬೇಕಾಗಿತ್ತು ನೋಡಿ.) ಇದನ್ನೂ ಅದೃಷ್ಟವೆಂದು ಕರೆದರೆ ಗೋಡೆ ಕಟ್ಟಿದವರನ್ನೂ ಗೇಟು ಮುಚ್ಚಿದವರನ್ನೂ ಒಂದೇ ತಕ್ಕಡಿಯಲ್ಲಿಟ್ಟಂತೆ. ಗೇಟು ಮುಚ್ಚಿದ್ದು ವಿಲ್ಸನ್ ಅಲ್ಲ, ನಿಜ. ಅವನ ಓಟದಲ್ಲಿ ಒಂದಡಿಯೂ ಇದರಿಂದ ಕಡಿಮೆಯಾಗದು. ಕಡಿಮೆಯಾಗುವುದು 'ಎಲ್ಲರಿಗಿಂತ ಹೆಚ್ಚು' ಎಂಬಲ್ಲಿನ 'ಎಲ್ಲರು'.

2024ರಲ್ಲಿ ಮೇಜರ್ ಲೀಗ್ 1920ರಿಂದ 1948ರವರೆಗಿನ ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನು ತನ್ನ ದಾಖಲೆಗೆ ಸೇರಿಸಿಕೊಂಡಿತು. ಟೈ ಕಾಬ್‌ನನ್ನು ಹಿಂದಿಕ್ಕಿ ಜಾಶ್ ಗಿಬ್ಸನ್ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗನಾದ. 1912 ಆ ಅವಧಿಯ ಹೊರಗಿದೆ. ವಿಲ್ಸನ್‌ನ ಹೆಸರಿನ ಮುಂದೆ ಚುಕ್ಕಿ ಗುರುತು ಹಾಕಿ ಎಂದು ನಾನು ಕೇಳಲಾರೆ. ಆ ಕಳಂಕ ಅವನದಲ್ಲ. ಪಟ್ಟಿಯ ತಲೆಬರಹದಲ್ಲಿ, ವರ್ಷದ ಪಕ್ಕದಲ್ಲಿ, ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ ಎಂದು ಒಂದು ಸಾಲು ಅಚ್ಚಾಗಲಿ.