ಸಾಮಾಯಿಕಕ್ಕೆ ಸಮಯವಿಲ್ಲವೆ?

ಸಾಮಾಯಿಕಕ್ಕೆ ಸಮಯವೇ ದೊರೆಯುವುದಿಲ್ಲವೆಂಬುದು ಗೃಹಸ್ಥರ ಸಾಮಾನ್ಯ ಅಳಲು. ಅಂಗಡಿ, ಕಚೇರಿ, ಮಕ್ಕಳ ವಿದ್ಯಾಭ್ಯಾಸ, ನೆಂಟರಿಷ್ಟರು ಎಲ್ಲವೂ ಶ್ರಾವಕನನ್ನು ಒಂದೇ ವೇಳೆಗೆ ಕರೆಯುತ್ತವೆ. ಈ ಅಳಲನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಪರೀಕ್ಷಿಸದೆ ಒಪ್ಪುವಂತೆಯೂ ಇಲ್ಲ.

ಒಂದು ಅಹೋರಾತ್ರಿಗೆ 30 ಮುಹೂರ್ತಗಳು. ಮುಹೂರ್ತವೆಂದರೆ ಎರಡು ಘಳಿಗೆ, ಅಂದರೆ 48 ನಿಮಿಷ. ಮುಹೂರ್ತಕಾಲದ ಒಂದು ಸಾಮಾಯಿಕವು ದಿನದ ಮೂವತ್ತರಲ್ಲಿ ಒಂದು ಪಾಲು ಮಾತ್ರ. ವ್ಯಾಪಾರದಲ್ಲಿ ಬಿಡಿಕಾಸಿನ ಲೆಕ್ಕವನ್ನೂ ಬಿಡದ ವರ್ತಕನು ಉಳಿದ 29 ಪಾಲುಗಳ ಲೆಕ್ಕವನ್ನು ಒಮ್ಮೆಯಾದರೂ ಬರೆದು ನೋಡಬೇಕು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವ್ರತವನ್ನು ಗುಣವ್ರತಗಳಲ್ಲಿ ಎಣಿಸಿದೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬ ಐದು ಅನರ್ಥದಂಡಗಳಲ್ಲಿ ಕಡೆಯ ಮೂರು ಆಯುಷ್ಯವನ್ನೇ ಸದ್ದಿಲ್ಲದೆ ತಿನ್ನುತ್ತವೆ. ಪರರ ಕೇಡನ್ನು ನೆನೆಯುವುದು, ಮನಸ್ಸನ್ನು ಕದಡುವ ಕಥೆಗಳಿಗೆ ಕಿವಿಗೊಡುವುದು, ಕಾರಣವಿಲ್ಲದೆ ಅಲೆಯುವುದು: ಇವುಗಳಿಂದ ಯಾವ ಸಂಸಾರವೂ ನಡೆಯದು. ಸಮಯದ ಅಭಾವ ತೋರಿದಾಗ ಮೊದಲು ಬಿಡತಕ್ಕವು ಇವೇ ಹೊರತು ಸಾಮಾಯಿಕವಲ್ಲ.

ಆದರೆ ಎರಡು ಕರ್ತವ್ಯಗಳೇ ಎದುರುಬದುರಾದರೆ? ಸೊಸೆ ಸಾಮಾಯಿಕಕ್ಕೆ ಕುಳಿತಿರುವಾಗ ಜ್ವರದಿಂದ ಬಳಲುವ ಅತ್ತೆ ಒಳಗಿನಿಂದ ನೀರು ಕೇಳುತ್ತಾಳೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಅನಾದರ ಮತ್ತು ವಿಸ್ಮರಣೆ ಸಾಮಾಯಿಕದ ಅತಿಚಾರಗಳು. ಮನಸ್ಸಿನ ದುಷ್ಪ್ರಣಿಧಾನವೂ ಅತಿಚಾರವೇ. ಎದ್ದು ನೀರು ಕೊಟ್ಟು, ಮತ್ತೆ ಬಂದು ಕುಳಿತವಳಲ್ಲಿ ಅನಾದರವೂ ಇಲ್ಲ, ವಿಸ್ಮರಣೆಯೂ ಇಲ್ಲ. ಆ ಕೂಗನ್ನು ಕೇಳಿಯೂ ಕದಲದೆ ಕುಳಿತವಳ ದೇಹ ಸ್ಥಿರವಾಗಿರಬಹುದು, ಮನಸ್ಸು ಸಮಭಾವದಲ್ಲಿ ನಿಂತೀತೆ?

ಇದನ್ನೇ ನೆಪಮಾಡಿಕೊಂಡು ಗಿರಾಕಿಯ ದನಿಗೆ ಏಳುವ ವರ್ತಕನ ಮಾತು ಬೇರೆ. ಅಲ್ಲಿ ತಡವಾದರೆ ನಷ್ಟವಾಗುವುದು ತನ್ನ ಲಾಭ. ಇಲ್ಲಿ ತಡವಾದರೆ ನೋಯುವುದು ಮತ್ತೊಂದು ಜೀವ. ಯಾವುದು ಮೊದಲೆಂಬ ಪ್ರಶ್ನೆಗೆ ಈ ಭೇದವೇ ಒರೆಗಲ್ಲು.

ಕರೆ ಬಂದ ಮೇಲೆ ತೂಗಿ ನೋಡುವುದು ಕಷ್ಟ. ಆದುದರಿಂದಲೇ ದೇಶಾವಕಾಶಿಕ ವ್ರತವು, ಇಷ್ಟು ಕಾಲ ಇಷ್ಟು ಎಲ್ಲೆಯನ್ನು ದಾಟೆನೆಂದು ಮುಂಚಿತವಾಗಿ ನಿಶ್ಚಯಿಸಲು ಕಲಿಸುತ್ತದೆ. ಮುಂಜಾನೆಯೇ ಎಲ್ಲೆ ಹಾಕಿಕೊಂಡ ಶ್ರಾವಕನಿಗೆ ದಿನವು ದೊಡ್ಡದಾಗುವುದಿಲ್ಲ. ಅದರೊಳಗೆ ಸಾಮಾಯಿಕಕ್ಕೆ ಒಂದು ಮುಹೂರ್ತ ಮಾತ್ರ ತಪ್ಪದೆ ಉಳಿಯುತ್ತದೆ.