ಮುಚ್ಚಿಹೋಗುವ ಕಂಬಿ

ಮನೆಯ ನಕ್ಷೆಯಲ್ಲಿ ಸ್ಲ್ಯಾಬಿಗೆ ‘8 ಎಂಎಂ, 150 ಸಿ/ಸಿ’ ಎಂದಿದ್ದರೆ ಎಂಟು ಮಿಲಿಮೀಟರ್ ದಪ್ಪದ ಕಂಬಿಗಳನ್ನು ನಡುವಿನಿಂದ ನಡುವಿಗೆ 150 ಮಿಲಿಮೀಟರ್ ಅಂತರದಲ್ಲಿ ಕಟ್ಟಬೇಕು. ಅಂತರ 200 ಆಯಿತೆಂದರೆ ಕಾಲುಭಾಗ ಕಬ್ಬಿಣ ಹೋಯಿತು. ಸ್ಲ್ಯಾಬ್ ನಾಳೆಯೇ ಬೀಳುವುದಿಲ್ಲ. ಬಹುಶಃ ಎಂದೂ ಬೀಳದು. ಹಾಗಾದರೆ ಇದು ಮೋಸವೇ?

ಬಾದಾಮಿಯ ಮೂರನೇ ಗುಹೆಯಲ್ಲಿ, ಕ್ರಿ.ಶ. 578ರ ಶಾಸನವಿರುವಲ್ಲಿ, ಕಂಬ ತೊಲೆಗಳೆಲ್ಲ ಕೊರೆದ ಬಂಡೆ. ಬಿರುಕಿದ್ದರೆ ಎಲ್ಲರಿಗೂ ಕಾಣುತ್ತದೆ. ಬಾಗಲಕೋಟೆಯ ನವನಗರದ ಮನೆಗಳಲ್ಲಿ ಹಾಗಲ್ಲ. ಆಲಮಟ್ಟಿ ಹಿನ್ನೀರಿಗೆ ಒಮ್ಮೆ ಸೂರು ಕಳಕೊಂಡವರಿಗೆ ಈಗ ಕಾಣುವುದು ನುಣುಪಾದ ಇಳಕಲ್ ಗ್ರಾನೈಟ್ ಮಾತ್ರ, ಕಂಬಿ ಕಾಂಕ್ರೀಟಿನೊಳಗೆ.

ಮೋಸವೆಂದೇ ನನ್ನ ತೀರ್ಮಾನ. ಲೆಕ್ಕದಲ್ಲಿ ಹೆಚ್ಚಾಗಿ ಸೇರಿಸಿದ ಭದ್ರತೆ ಮನೆಯವರದು. ಅವರನ್ನು ಕೇಳದೆ ಅದನ್ನು ಉಳಿಸಿಕೊಳ್ಳಲು ಬೇರೆಯವರಿಗೆ ಹಕ್ಕಿಲ್ಲ. ನಕ್ಷೆ ಓದಬಲ್ಲವರು ಕಾಂಕ್ರೀಟ್ ಬೀಳುವ ಮುನ್ನವೇ ಟೇಪು ಹಿಡಿಯಬೇಕು. ಗೌಂಡಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.