ಉಳಿಗೆ ಕುಂಕುಮ, ಕೈಗೆ ಏನು?

ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನು ಧರ್ಮದ ಮರ್ಮವನ್ನರಸಿ ಜನಕರಾಜನ ಮಿಥಿಲೆಗೆ ಬರುತ್ತಾನೆ. ಆತನಿಗೆ ಗುರು ದೊರೆತದ್ದು ಆಶ್ರಮದಲ್ಲಲ್ಲ, ಅರಮನೆಯಲ್ಲೂ ಅಲ್ಲ, ಮಾಂಸದ ಅಂಗಡಿಯಲ್ಲಿ. ಕುಲದ ಕಸುಬನ್ನು ನಿಷ್ಠೆಯಿಂದ ನಡೆಸುತ್ತ, ತಾಯಿತಂದೆಯರ ಸೇವೆಯನ್ನೇ ತಪಸ್ಸೆಂದು ತಿಳಿದ ಧರ್ಮವ್ಯಾಧನೇ ಆ ಗುರು.

ಆ ಜನಕನನ್ನು ಹೆಸರಿನಲ್ಲೇ ನೆನಪಿಸುವ ದೆಹಲಿಯ ಜನಕಪುರಿಯಲ್ಲಿಯೂ ಒಂದು ಸಂತೆಯಿದೆ. 2014ರಲ್ಲಿ ಆರಂಭವಾದ ಅಲ್ಲಿಯ ದಿಲ್ಲಿ ಹಾಟ್‌ನಲ್ಲಿ ನಾನಾ ರಾಜ್ಯಗಳ ಕುಶಲಕರ್ಮಿಗಳು ತಮ್ಮ ಕೈಕೆಲಸವನ್ನು ತಂದು ಮಾರುತ್ತಾರೆ. ನವರಾತ್ರಿಗೆ ಗೊಂಬೆ ಕೂರಿಸುವ ಕನ್ನಡದ ಗೃಹಿಣಿಯೊಬ್ಬರಿಗೆ ಇಂಥ ಮಳಿಗೆಯಲ್ಲಿ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗರುಡಮೂರ್ತಿಯೊಂದು ಕಣ್ಣಿಗೆ ಬಿದ್ದಿತೆಂದು ಭಾವಿಸಬಹುದು. ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಅಂಗಾಂಗಗಳನ್ನು ಜೋಡಿಸಿ, ಲೇಪ ಬಳಿದು, ಒಣಗಿಸಿ, ಬಣ್ಣವಿಟ್ಟು ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸವದು. ಆದರೆ ಬೆಲೆ ಕೇಳಿದೊಡನೆ ನಾಲಗೆಗೆ ಬರುವ ಮಾತು ಒಂದೇ: “ಅರ್ಧಕ್ಕೆ ಕೊಡುವಿರಾ?”

ಇದು ಅಧರ್ಮವೆ? ಚೌಕಾಸಿ ಸಂತೆಯ ಹಳೆಯ ವಾಡಿಕೆ. ಗೃಹಸ್ಥನ ಹಣದ ಚೀಲಕ್ಕೂ ಮಿತಿಯುಂಟು. ನಿಜ. ಆದರೆ ಚೌಕಾಸಿ ಸಮಬಲರ ನಡುವೆ ಮಾತ್ರ ವಿನೋದ. ಊರಿಗೆ ಮರಳುವ ರೈಲಿನ ಖರ್ಚನ್ನು ಮನಸ್ಸಿನಲ್ಲೇ ಎಣಿಸುತ್ತ ಕುಳಿತವನ “ಆಗಲಿ” ಎಂಬ ಮಾತಿನಲ್ಲಿ ಸಮ್ಮತಿಗಿಂತ ಅಸಹಾಯಕತೆಯೇ ಹೆಚ್ಚಿರಬಹುದು. ಅಂತಹ ಗೆಲುವನ್ನು ದೇವರ ಮುಂದೆ ಮೆಟ್ಟಿಲೇರಿಸುವುದು ಹೇಗೆ?

ಬಾಲಿ ದ್ವೀಪದ ಹಿಂದೂಗಳಲ್ಲಿಯೂ ಆಯುಧಪೂಜೆಯನ್ನು ಹೋಲುವ ಪರ್ವವೊಂದುಂಟು. 210 ದಿನಗಳಿಗೊಮ್ಮೆ ಬರುವ ತುಂಪೆಕ್ ಲಂದೆಪ್‌ನಂದು ಅವರು ಲೋಹದ ಆಯುಧ, ಉಪಕರಣಗಳನ್ನು ಪೂಜಿಸುತ್ತಾರೆ. ಮರಗೆತ್ತನೆಗೆ ಹೆಸರಾದ ಅಲ್ಲಿಯ ಮಾಸ್ ಗ್ರಾಮಕ್ಕೆ ಹೋದ ಪ್ರವಾಸಿಗನು ಗರುಡನನ್ನೂ ಸೀತಾರಾಮರನ್ನೂ ಮರದಲ್ಲಿ ಕಂಡು ಬೆರಗಾಗುತ್ತಾನೆ. ಕಡಲಾಚೆಯ ಗರುಡನಿಗೆ ಬೆರಗಾದ ಕಣ್ಣು ಕಿನ್ನಾಳದ ಗರುಡನನ್ನು ಬರಿಯ ಗೊಂಬೆಯೆಂದು ಬಗೆಯುವುದು ಉಚಿತವಲ್ಲ. ಉಳಿಗೆ ಕುಂಕುಮವಿಟ್ಟು ಉಳಿ ಹಿಡಿದ ಕೈಯನ್ನು ಮರೆತರೆ ಪೂಜೆ ಅರ್ಧವೇ ಸರಿ.

ಆದುದರಿಂದ ಮೊದಲು ಕೇಳತಕ್ಕದ್ದು ಬೆಲೆಯನ್ನಲ್ಲ, ಕೆಲಸವನ್ನು. ಮರ ಯಾವುದು, ದಿನಗಳೆಷ್ಟು ಹಿಡಿದವು, ಬಣ್ಣವಿಟ್ಟವರು ಯಾರು? ಕೈಯ ಕೆಲಸ ಯಾವುದು, ಯಂತ್ರದ ಮಾಲು ಯಾವುದು ಎಂಬ ವಿವೇಕವೂ ಈ ವಿಚಾರಣೆಯಿಂದಲೇ ಬರುತ್ತದೆ. ಬಳಿಕ ಶಕ್ತಿಯಿದ್ದರೆ ಕೇಳಿದ ಬೆಲೆ ಕೊಡುವುದು. ಇಲ್ಲವಾದರೆ ಚಿಕ್ಕದೊಂದನ್ನು ಕೊಳ್ಳುವುದು. ಅದೂ ಆಗದಿದ್ದರೆ ಕೈಮುಗಿದು ಇದ್ದಲ್ಲೇ ಇಡುವುದು. ಬರಿಗೈಯಲ್ಲಿ ಮರಳುವುದರಿಂದ ಕುಶಲಕರ್ಮಿಗೆ ನಷ್ಟವಾದೀತು, ಅವಮಾನವಾಗದು.

ಕೊಳ್ಳುವವರ ಗುಂಪಿನಿಂದ ಸರಿದು ನಿಂತ ಕೌಶಿಕನ ಬಳಿಗೆ ಧರ್ಮವ್ಯಾಧನೇ ಎದ್ದು ಬಂದನು. ಜನಕಪುರಿಯ ಮಳಿಗೆಯ ಮುಂದೆಯೂ ಗಿರಾಕಿಯ ಅವಸರವನ್ನು ಬಿಟ್ಟು ಕ್ಷಣಕಾಲ ನಿಂತವರಿಗೆ ಗೊಂಬೆಯೊಡನೆ ಅದನ್ನು ಮಾಡಿದವನ ಪರಿಚಯವೂ ದೊರೆತೀತು. ಆಗ ನವರಾತ್ರಿಯ ಆರತಿ ಅವನ ಕೈಗಳಿಗೂ ಸಲ್ಲುತ್ತದೆ.